ಬಯಲಿನ ಪಾಳೇಗಾರ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ನಾಲ್ಕೂ ಪಾಳೇಗಾರರು ಆಳಿದ ನೆಲ. ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆ ಮಹಾನಾಡ ಪ್ರಭುಗಳ ಕೈತಪ್ಪಿ ಮೈಸೂರು ಒಡೆಯರಿಗೆ, ಆಮೇಲೆ ಹೈದರಾಲಿಗೆ ಸೇರಿತು, ಅಲ್ಲಿಗೆ ಪಾಳೇಗಾರಿಕೆ ಮುಗಿಯಿತು ಎಂದು ಮೇಷ್ಟ್ರು ಪಾಠ ಮುಗಿಸುತ್ತಿದ್ದರು. ಬೆಲ್ ಹೊಡೆದು ಹುಡುಗರು ಬಯಲಿಗೆ ಓಡಿದರೆ, ಅಲ್ಲೊಬ್ಬ ಪಾಳೇಗಾರ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಿದ್ದ.

ಕೊರಟಗೆರೆಯ ಗೊರವನಹಳ್ಳಿ ಸೀಮೆಯಲ್ಲಿ ಓದಿದ ಯಾರನ್ನು ಕೇಳಿದರೂ ಇವನ ಗುರುತು ಹೇಳುತ್ತಾರೆ. ಕ್ಲಾಸಿನವರಿಗಿಂತ ಎರಡು ವರ್ಷ ದೊಡ್ಡವನು. ಆಗ ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ. ಅದರಲ್ಲಿ ಡುಮ್ಕಿ ಹೊಡೆದು ಹೊಡೆದು ಮೀಸೆ ಚಿಗುರಿದ್ದರೂ ಚಡ್ಡಿ ಮಾತ್ರ ಹಳೆಯದೇ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಉಳಿದಿತ್ತು. ಬಯಲಿನಲ್ಲಿ ಅವನು ಬರೀ ‘ಅಣ್ಣ’.

ಕೊರಟಗೆರೆ ಕಡೆ ತೆಂಗಿಗೆ ಬರವಿಲ್ಲ, ಹಾಗಾಗಿ ಬ್ಯಾಟಿಗೂ ಇಲ್ಲ. ಒಣಗಿದ ತೆಂಗಿನ ಮಟ್ಟೆಯ ಬುಡ ಕೆತ್ತಿದರೆ ಆಯಿತು. ಕೆತ್ತುವವನು ಬೇರೆ ಹುಡುಗ, ಮಟ್ಟೆ ಅಣ್ಣನ ತೋಟದ್ದು. ಆದ್ದರಿಂದ ಮೊದಲ ಬ್ಯಾಟಿಂಗ್ ಅಣ್ಣನದು. ಕೊನೆಯದೂ ಬಹುಪಾಲು ಅವನದೇ.

“ಔಟ್ ಕಣಣ್ಣೋ, ಕಡ್ಡಿ ಬಿತ್ತು!”

“ಯಾವನ್ಲಾ ಔಟ್ ಅಂದಿದ್ದು? ಗಾಳಿಗ್ ಬಿದ್ದೈತೆ. ಲಕ್ಷ್ಮಮ್ಮನಾಣೆ!”

ಗೊರವನಹಳ್ಳಿಯಲ್ಲಿ ಮಹಾಲಕ್ಷ್ಮಿಯ ಮೇಲೆ ಆಣೆ ಬಿದ್ದರೆ ಅದರ ಮುಂದೆ ಯಾವ ಅಂಪೈರು? ಶುಕ್ರವಾರ ಬೆಂಗಳೂರಿನಿಂದಲೂ ಬಂದವರು ಅಮ್ಮನ ಮುಂದೆ ಐಶ್ವರ್ಯ ಬೇಡಿಕೊಳ್ಳುವಾಗ, ಚಿಕ್ಕ ಹುಡುಗರು ಬೇಡುತ್ತಿದ್ದದ್ದು ಒಂದೇ: ಅಣ್ಣನಿಗೆ ಒಂದು ವಾರ ಜ್ವರ ಬರಲಿ. ಅವರದು ಯಾವಾಗಲೂ ಫೀಲ್ಡಿಂಗ್. ಪಾವಗಡದ ತಿರುಮಣಿ ಸುತ್ತ 13,000 ಎಕರೆಯಲ್ಲಿ ಸೋಲಾರ್ ಹಾಸಿ 2,050 ಮೆಗಾವ್ಯಾಟ್ ತೆಗೆಯುವುದಕ್ಕಿಂತ ಎಷ್ಟೋ ಮೊದಲೇ, ಈ ಸೀಮೆಯ ಬಿಸಿಲನ್ನು ಪುಕ್ಕಟೆಯಾಗಿ ದುಡಿಸಿಕೊಂಡವನು ಇವನು.

ಬುಗುರಿ ಕಾಲ ಬಂದರೆ ಮಾತ್ರ ನಗು ಹೊರಟುಹೋಗುತ್ತಿತ್ತು. ಸೋತವನ ಬುಗುರಿಯನ್ನು ವೃತ್ತದೊಳಗೆ ಇಡಬೇಕು, ಗೆದ್ದವನು ತನ್ನ ಬುಗುರಿಯ ಮೊಳೆಯಿಂದ ಅದಕ್ಕೆ ಗುನ್ನ ಹೊಡೆಯಬೇಕು. ಉಳಿದವರು ಹೊಡೆದರೆ ಚುಕ್ಕೆಯಷ್ಟು ಗುಳಿ. ಅಣ್ಣ ಮೊಳೆಯನ್ನು ಕಲ್ಲಿಗೆ ಉಜ್ಜಿ ಚೂಪು ಮಾಡಿಕೊಂಡು ಬರುತ್ತಿದ್ದ. ಚಾಟಿಯನ್ನು ಬಿಗಿಯಾಗಿ ಸುತ್ತಿ, ಎಂಜಲು ಹಚ್ಚಿ, ಕೈಯನ್ನು ತಲೆಯ ಮೇಲೆತ್ತಿ ಬೀಸಿದನೆಂದರೆ, ಸಂತೆಯಲ್ಲಿ ಕೊಂಡ ಬಣ್ಣದ ಬುಗುರಿ ಎರಡು ಹೋಳು. ಹೋಳುಗಳನ್ನು ಎತ್ತಿ ಜೇಬಿಗೆ ಹಾಕಿಕೊಂಡು ಹೋಗುವವನ ಮುಖವನ್ನು ಅವನು ತಿರುಗಿ ನೋಡಿದ್ದೇ ಇಲ್ಲ.

ಕಪ್ಪಕಾಣಿಕೆಯ ಬಾಬತ್ತು ಬೇರೆ. ಹುಣಸೆಹಣ್ಣಿನ ಚಿಗಳಿ, ಎಲಚಿಹಣ್ಣು, ಹುರಿದ ಕಡಲೆಕಾಯಿ, ಯಾರ ಜೇಬಿನಲ್ಲಿದ್ದರೂ ಅರ್ಧ ಸಂದಾಯವಾಗಬೇಕು. 2024ರಿಂದ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು. ಇದನ್ನು ಕೇಳಿದರೆ ತಾನು ಹುಟ್ಟಿದ್ದು ತಪ್ಪು ಕಾಲದಲ್ಲಿ ಎಂದು ಅವನು ಕೊರಗುವುದು ಖಂಡಿತ.

ಇಷ್ಟಾದರೂ ದೂರು ಹೋಗುತ್ತಿರಲಿಲ್ಲ. ಯಾರಿಗೆ ಹೇಳುವುದು? ಮೂರು ಕ್ಲಾಸಿಗೆ ಒಬ್ಬರೇ ಮೇಷ್ಟ್ರು. ಅವರು ಆಫೀಸಿನ ಕಾಗದ ಬರೆಯಲು ಎದ್ದರೆ ಕ್ಲಾಸು ನೋಡಿಕೊಳ್ಳುವವನು ಅಣ್ಣ. ಗಲಾಟೆ ಮಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುವವನೂ ಅವನೇ. ವಿಜಯನಗರದ ಅರಸರು ದೂರದ ಸೀಮೆ ಕಾಯಲು ನಾಯಕರಿಗೆ ಅಧಿಕಾರ ಕೊಟ್ಟ ಹಾಗೆಯೇ ಇದೂ. ಅಣ್ಣನ ತೋಳ್ಬಲದ ಬಗ್ಗೆ ಊರಲ್ಲಿ ಕಥೆಗಳಿವೆ. ನಿಜವಾದ ಬಲ ಆ ಸೀಮೆಸುಣ್ಣದ ತುಂಡಿನಲ್ಲಿತ್ತು. ಚಿಗಳಿ ಕೊಟ್ಟವನ ಹೆಸರು ಬೋರ್ಡಿಗೆ ಏರಿದ್ದನ್ನು ಯಾರೂ ಕಂಡಿಲ್ಲ.

2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಅದರ 17ನೇ ಸೆಕ್ಷನ್ ಮೇಷ್ಟ್ರ ಬೆತ್ತ ಕಿತ್ತುಕೊಂಡಿತು. ಅದನ್ನೇ ಎಲ್ಲರೂ ಚರ್ಚೆ ಮಾಡಿದರು. ಅಣ್ಣನ ವಂಶಕ್ಕೆ ಕೊಡಲಿ ಹಾಕಿದ್ದು 16ನೇ ಸೆಕ್ಷನ್: ಎಂಟನೇ ಕ್ಲಾಸಿನವರೆಗೆ ಯಾರನ್ನೂ ಫೇಲು ಮಾಡುವಂತಿಲ್ಲ ಎಂದಿತ್ತು. ಡುಮ್ಕಿ ಇಲ್ಲದ ಮೇಲೆ ಮೀಸೆ ಬಂದ ಏಳನೇ ಕ್ಲಾಸಿನವನೆಲ್ಲಿ? ಆದರೆ 2019ರ ತಿದ್ದುಪಡಿ ಐದು ಮತ್ತು ಎಂಟನೇ ಕ್ಲಾಸಿನಲ್ಲಿ ಫೇಲು ಮಾಡುವುದನ್ನು ಸರ್ಕಾರಗಳ ಇಷ್ಟಕ್ಕೆ ಬಿಟ್ಟಿದೆ.

ಅಣ್ಣನೇನೂ ಕೆಟ್ಟುಹೋಗಲಿಲ್ಲ. ಈಗ ಅಡಿಕೆ, ಟ್ರಾಕ್ಟರು, ತುಸು ಹೊಟ್ಟೆ. ಎದುರಿಗೆ ಸಿಕ್ಕರೆ ಬೆನ್ನಿಗೊಂದು ಗುದ್ದಿ, “ಎಂಥಾ ದೋಸ್ತಿ ಅಲ್ವೇನ್ಲಾ ನಮ್ದು!” ಎನ್ನುತ್ತಾನೆ. ಸುಳ್ಳು ಹೇಳುತ್ತಿಲ್ಲ, ಅವನಿಗೆ ನೆನಪಿರುವುದೇ ಹಾಗೆ. ಒಡೆದ ಬುಗುರಿಗಳ ಲೆಕ್ಕ ಬೇರೆಯವರ ಹತ್ತಿರ ಇದೆ. ಈ ವರ್ಷ ಹಳೆಯ ಮೇಷ್ಟ್ರಿಗೆ ಗುರುವಂದನೆ. ತಲೆಗೆ ಒಂದು ಸಾವಿರದ ವಸೂಲಿಗೆ ಅವನದೇ ಉಸ್ತುವಾರಿ. ಬೆಂಗಳೂರಿನಲ್ಲಿ ಎಂಜಿನಿಯರ್ ಆದವನು, ತುಮಕೂರಿನಲ್ಲಿ ವಕೀಲನಾದವನು ಎಲ್ಲರೂ ಮೊದಲ ದಿನವೇ ಫೋನ್‌ಪೇ ಮಾಡಿದ್ದಾರೆ. ವಾಟ್ಸಾಪ್ ಗ್ರೂಪಿಗೆ ಅಡ್ಮಿನ್ ಅವನೊಬ್ಬನೇ. ತಡ ಮಾಡಿದವರ ಹೆಸರನ್ನು ಅಲ್ಲಿ ಬರೆಯುತ್ತಾನೆ.