ಗುಟ್ಟಾಗಿದ್ದರೆ ಮಾತ್ರ ಭವಿಷ್ಯ

ಚೋರನೂರಿನ ಚಾದಂಗಡಿ. ಅಳಿಯನ ಮುಂದೆ ಲ್ಯಾಪ್‌ಟಾಪ್, ಮಾವನ ಮುಂದೆ ಮಿರ್ಚಿ.

“ಮಾವ, 1951ರಾಗ ಅಸಿಮೋವ್ ‘ಫೌಂಡೇಶನ್’ ಕಾದಂಬರಿ ತಂದ. ಅದರಾಗ ಸೆಲ್ಡನ್ ಅನ್ನಾವ ಸಮಾಜದ ಭವಿಷ್ಯಾನ ಗಣಿತ ಹಾಕಿ ಹೇಳ್ತಾನ. ಅದನ್ನ ನಾನು ನಿಜ ಮಾಡ್ತೀನಿ.”

“ಮೈಲಾರದ ಗೊರವಯ್ಯ ಬಿಲ್ಲೇರಿ ಒಂದೇ ಮಾತಿನಾಗ ಕಾರ್ಣಿಕ ಹೇಳ್ತಾನಲ್ಲೋ!”

“ಕಾರ್ಣಿಕದ ಅರ್ಥ ಒಬ್ಬೊಬ್ಬರಿಗೆ ಒಂದೊಂದು.”

“ಅದಕ್ಕ ಸುಳ್ಳಾಗಂಗಿಲ್ಲ. ನಿಂದು?”

“ಷರತ್ತೈತಿ. ಭವಿಷ್ಯ ಜನಕ್ಕ ಗೊತ್ತಾಗಬಾರದು, ಗೊತ್ತಾದ್ರ ಲೆಕ್ಕ ಕೆಡ್ತೈತಿ.”

(ಚುನಾವಣಾ ಸಮೀಕ್ಷೆ ಬಿತ್ತರಿಸುವ ಟಿವಿಯವರು ಈ ಷರತ್ತು ಓದಿದಂತಿಲ್ಲ.)

“ಉಳ್ಳಾಗಡ್ಡಿ ರೇಟು ಏರ್ತೈತಿ ಅಂದಕೂಡ್ಲೆ ಊರೆಲ್ಲ ಅದನ್ನೇ ಹಚ್ಚಿ ರೇಟು ಬೀಳ್ತೈತಲ್ಲ, ಹಂಗ?”

“ಹೂಂ.”

ಮಾವ ಹತ್ತಿರ ಸರಿದರು. “ನನಗೊಬ್ಬಗ ಹೇಳು. ಈ ಸಲ ಏನು ಹಚ್ಚಲಿ?”

ಚಾದಂಗಡಿಯವ ಕೂಗಿದ: “ಜೋರಾಗಿ ಹೇಳ್ರಿ, ಸ್ಟೋವ್ ಸಪ್ಪಳಕ್ಕ ಕೇಳವಲ್ದು!”