ಒಂದು ಸೇರು ಅಕ್ಕಿ, ಒಂದು ತುಂಡು ಇದ್ದಿಲು

2024ರ ಅಕ್ಟೋಬರ್ 31, ಬೆಳಗಿನ ಆರು ಗಂಟೆ. ನರಕ ಚತುರ್ದಶಿ. ಬಚ್ಚಲಿನ ಹಂಡೆಗೆ ಹೂಮಾಲೆ ಸುತ್ತಿ, ಒಲೆಗೆ ತೆಂಗಿನ ಮಡಲು ತುರುಕಿ, ನೆತ್ತಿಯಿಂದ ಹಿಮ್ಮಡಿಯವರೆಗೆ ಎಣ್ಣೆ ಹಚ್ಚಿಕೊಂಡು, ಹಳೆಯ ಬೈರಾಸೊಂದನ್ನು ಸುತ್ತಿಕೊಂಡು ನಾನು ಅಂಗಳದಲ್ಲಿ ನಿಂತಿದ್ದೆ. ಆಗ ಫೋನು ಬಡಿದುಕೊಂಡಿತು. ನ್ಯೂಜೆರ್ಸಿಯಿಂದ ಮಗಳು. ಅಲ್ಲಿ ಇನ್ನೂ ಹಿಂದಿನ ದಿನದ ರಾತ್ರಿ ಎಂಟೂವರೆ. ಅವಳು ವೀಡಿಯೊ ಕಾಲ್ ಬಿಟ್ಟು ಬೇರೆ ಮಾಡುವವಳಲ್ಲ. ಎಣ್ಣೆ ಬೆರಳಿನಲ್ಲಿ ಏನನ್ನೋ ಒತ್ತಿದೆ. ಪರದೆಯ ಮೇಲೆ ಆರು ವರ್ಷದ ಮೊಮ್ಮಗಳು ಪ್ರತ್ಯಕ್ಷಳಾಗಿ ನನ್ನನ್ನು ಕಣ್ಣರಳಿಸಿ ನೋಡಿದಳು.

"ಅಜ್ಜ, ನೀವು ಎಂತ ವೇಷ?"

ವೇಷವಲ್ಲ ಮಗಾ, ಇದು ನಾನೇ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. "ಸೂಪರ್ ಉಂಟು" ಎಂದಳು.

ವಿಷಯ ಇಷ್ಟು. ಮರುದಿನ ಅವರಿಗೆ ಹ್ಯಾಲೋವೀನ್. ಮಗಳು ಆನ್‌ಲೈನಿನಲ್ಲಿ ತರಿಸಿದ ಮಾಟಗಾತಿಯ ಅಂಗಿಯಲ್ಲಿ ಇಂಥ ಇಬ್ಬರು ಮೊಮ್ಮಕ್ಕಳು ಹಿಡಿಸುತ್ತಾರಂತೆ. ಬದಲಾಯಿಸಲು ಸಮಯವಿಲ್ಲ. "ಅಪ್ಪ, ಒಂದು ಐಡಿಯಾ ಕೊಡಿ. ನೀವು ಸಣ್ಣವರಿರುವಾಗ ಮಾರ್ನೆಮಿಗೆ ವೇಷ ಹಾಕ್ತಿದ್ರಲ್ಲ?"

ಹಾಕುತ್ತಿದ್ದೆವು ನಿಜ. ಆದರೆ ನನ್ನ ವೇಷದ ಇತಿಹಾಸ ಅಷ್ಟೇನೂ ಉಜ್ವಲವಲ್ಲ. ಬಂಟ್ವಾಳದ ನಮ್ಮೂರಿಗೆ ನವರಾತ್ರಿಯಲ್ಲಿ ಹುಲಿ, ಕರಡಿ, ಸಿಂಹ, ಪೊಲೀಸು, ಮುದುಕ-ಮುದುಕಿ, ಡಾಕ್ಟರು ಮತ್ತು ಅವರ ಹಿಂದೆ ಬ್ಯಾಗು ಹಿಡಿದ ಕಂಪೌಂಡರು, ಹೀಗೆ ದಿನಕ್ಕೆ ನಾಲ್ಕೈದು ವೇಷಗಳು ಬರುತ್ತಿದ್ದವು. ಮೈಗೆ ಮಸಿ ಬಳಿದು ಒಂದು ಸಮುದಾಯವನ್ನೇ ಗೇಲಿ ಮಾಡುವ ಕೊರಗ ವೇಷವೂ ಇತ್ತು. ಅದನ್ನು ನೋಡಿ ನಾವೂ ನಕ್ಕವರೇ. ಅದಕ್ಕೆ ಈಗ ನಿಷೇಧವಿದೆ, ಇರಬೇಕಾದ್ದೇ.

ನನಗೆ ಹತ್ತು ವರ್ಷವಾಗಿದ್ದಾಗ ದೊಡ್ಡಮ್ಮನ ಮಗನೂ ನಾನೂ ಪ್ರೇತಗಳಾದೆವು. ಅಮ್ಮನ ಬಿಳಿ ಸೀರೆ ಎರಡು ತುಂಡು, ಅಡಿಕೆ ಹಾಳೆಯಲ್ಲಿ ಕಣ್ಣು ಬಾಯಿ ಕೊರೆದ ಮುಖವಾಡ, ಹಲ್ಲಿನ ಜಾಗದಲ್ಲಿ ಕುಂಬಳಕಾಯಿ ಬೀಜ. ಮೊದಲ ಮನೆ ಅತ್ತೆಯದ್ದು. ಅತ್ತೆ ಚಿಮಿಣಿ ದೀಪ ಹಿಡಿದು ಹೊರಗೆ ಬಂದವರು ನಮ್ಮ ಮುಖವನ್ನು ನೋಡಲೇ ಇಲ್ಲ. ದೀಪವನ್ನು ನೇರ ಕೆಳಗಿಳಿಸಿ ಪಾದ ನೋಡಿದರು. ಪ್ರೇತದ ಪಾದ ಹಿಮ್ಮುಖ ಇರಬೇಕೆಂಬ ಶಾಸ್ತ್ರ ಅವರಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ನನ್ನ ಬಲಗಾಲಿನ ಹೆಬ್ಬೆರಳಿಗೆ ಕಮ್ಯುನಿಸ್ಟ್ ಸೊಪ್ಪಿನ ರಸ ಹಿಂಡಿ ಬಟ್ಟೆ ಕಟ್ಟಿತ್ತು. ಕಟ್ಟಿದ್ದು ಅದೇ ಅತ್ತೆ, ಅದೇ ದಿನ ಬೆಳಿಗ್ಗೆ. "ಪ್ರೇತಕ್ಕಾದರೆ ಎಂಟಾಣೆ ಕೊಡ್ತಿದ್ದೆ. ನಮ್ಮ ಹುಡುಗರಿಗೆ ನಾಲ್ಕಾಣೆ ಸಾಕು" ಎಂದು ಕೊಟ್ಟು, "ಗಾಯಕ್ಕೆ ನೀರು ತಾಗಿಸಬೇಡ" ಎಂದು ಪ್ರೇತಕ್ಕೆ ಬುದ್ಧಿಯನ್ನೂ ಹೇಳಿ ಕಳುಹಿಸಿದರು.

ಹಾಗಾಗಿ ಪ್ರೇತ ಬೇಡವೆಂದು ಮಗಳಿಗೆ ಹೇಳಿದೆ. "ಆಟಿ ಕಳೆಂಜ ಮಾಡೋಣವಾ?" ಎಂದು ಬಾಯಿ ಬಿಡುವಷ್ಟರಲ್ಲಿ ಬಚ್ಚಲಿನ ಒಲೆಯ ಬಳಿಯಿಂದ ನನ್ನ ಹೆಂಡತಿಯ ಸ್ವರ ಬಂತು: "ಅದು ವೇಷ ಅಲ್ಲ. ಅದನ್ನು ಕಟ್ಟಲಿಕ್ಕೆ ಬೇರೆಯೇ ಜನ ಉಂಟು. ನಿಮಗೆ ಬೇರೆ ಕೆಲಸ ಇಲ್ಲವಾ?" ಮಾತು ಸರಿ. ಕಳೆಂಜ ಕಟ್ಟುವುದು ನಲಿಕೆಯವರ ಹಕ್ಕು ಮತ್ತು ಕಸುಬು. ಆದರೆ ಮೊಮ್ಮಗಳ ಕಿವಿಗೆ ಹೆಸರು ಬಿದ್ದಾಗಿತ್ತು. "ಹೂ ಈಸ್ ಕಳೆಂಜ?" ಎಂದು ಹಿಡಿದುಕೊಂಡಳು.

ಹೇಳದೆ ಉಪಾಯವಿರಲಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಆಟಿ ತಿಂಗಳು. ಸುರಿಯುವ ಮಳೆ, ಗದ್ದೆಯಲ್ಲಿ ಕೆಲಸವಿಲ್ಲ, ಕಣಜದಲ್ಲಿ ಅಕ್ಕಿಯಿಲ್ಲ, ಮನೆಗೊಬ್ಬರಿಗೆ ಜ್ವರ. ಮನುಷ್ಯರನ್ನು ನೋಡಿಕೊಳ್ಳಬೇಕಾದ ದೈವಗಳೂ ಆ ತಿಂಗಳು ರಜೆ ಹಾಕಿ ಘಟ್ಟಕ್ಕೆ ಹೋಗುತ್ತವೆಂದು ಹಿರಿಯರ ನಂಬಿಕೆ. ಆಗ ಪಾಳಿಗೆ ಬರುವವನು ಕಳೆಂಜ. ಸೊಂಟಕ್ಕೆ ಎಳೆ ತೆಂಗಿನ ಗರಿಯ ಸಿರಿ, ತಲೆಗೆ ಕೇಪುಳ ಹೂ ಸಿಕ್ಕಿಸಿದ ಹಾಳೆಯ ಟೊಪ್ಪಿ, ಮುಖಕ್ಕೆ ಬಣ್ಣದ ಗೆರೆ, ಕಾಲಿಗೆ ಗಗ್ಗರ, ಕೈಯಲ್ಲಿ ತಾಳೆಗರಿಯ ಕೊಡೆ. ಹಿಂದಿನಿಂದ ತೆಂಬರೆ ಬಡಿದು ಹಾಡುವವರು. ಗಗ್ಗರದ ಸದ್ದು ಗದ್ದೆಯ ಹುಣಿಯಲ್ಲಿ ಕೇಳಿಸಿದ ಕೂಡಲೇ ನಾನು ಅಟ್ಟ ಹತ್ತಿ ಉಪ್ಪಡ್ ಪಚ್ಚಿಲ್‌ನ, ಅಂದರೆ ಉಪ್ಪಿನಲ್ಲಿಟ್ಟ ಹಲಸಿನ ತೊಳೆಯ, ಭರಣಿಯ ಹಿಂದೆ ಅಡಗುತ್ತಿದ್ದೆ. ಅಲ್ಲಿಂದ ಕಿಂಡಿಯಲ್ಲಿ ಕಾಣುತ್ತಿದ್ದುದು ಕೊಡೆಯ ಮೇಲ್ಭಾಗ ಮಾತ್ರ. ತಿರುಗುವ ಕೊಡೆ, ಅದರಿಂದ ಸುತ್ತಲೂ ಸಿಡಿಯುವ ಮಳೆಹನಿ. ಅದರ ಕೆಳಗೆ ಮುಖವೇ ಇಲ್ಲವೆಂದು ನಾನು ಬಹಳ ವರ್ಷ ತಿಳಿದುಕೊಂಡಿದ್ದೆ.

ಅಜ್ಜಿ ತಡ್ಪೆಯಲ್ಲಿ ಒಂದು ಸೇರು ಅಕ್ಕಿ, ಒಂದು ತೆಂಗಿನಕಾಯಿ, ಜೊತೆಗೆ ಉಪ್ಪು, ಮೆಣಸು, ಹುಳಿ, ಅರಸಿನ, ಒಂದು ತುಂಡು ಇದ್ದಿಲು ತಂದಿಡುತ್ತಿದ್ದರು. ಕಳೆಂಜ ಕುಣಿದು, ಮನೆಯ ಮಾರಿಯನ್ನು ಕಳೆದು, ತನ್ನ ಪಾಲು ಕಟ್ಟಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದ.

"ಇದ್ದಿಲು? ಕ್ಯಾಂಡಿ ಇಲ್ಲವಾ?" ಎಂದು ಮೊಮ್ಮಗಳು ಮರುಗಿದಳು. "ಪುವರ್ ಕಳೆಂಜ."

ಕೊನೆಗೆ ಹುಲಿಯೆಂದು ತೀರ್ಮಾನವಾಯಿತು. ಹುಲಿಗೆ ಮುಖವಾಡ? ಮಗಳ ಅಡುಗೆಮನೆಯ ಕಪಾಟಿನಲ್ಲಿ ಅಡಿಕೆ ಹಾಳೆಯ ತಟ್ಟೆಗಳ ಕಟ್ಟೊಂದಿತ್ತು. ನಾವು ಮಕ್ಕಳಾಗಿದ್ದಾಗ ಒಬ್ಬನನ್ನು ಕೂರಿಸಿ ಮತ್ತೊಬ್ಬ ಎಳೆಯುತ್ತಿದ್ದ ಹಾಳೆ, ಆ ಹೊತ್ತಿಗೆ ಪರಿಸರಸ್ನೇಹಿ ಎಂಬ ಬಿರುದು ಹೊತ್ತು ಸಮುದ್ರ ದಾಟಿ ಡಾಲರಿಗೆ ಮಾರಾಟವಾಗುತ್ತಿತ್ತು. ಅದರ ಬಣ್ಣವೇ ಅರ್ಧ ಹುಲಿ. ಎರಡು ಕಣ್ಣು ಕೊರೆದು ಕಪ್ಪು ಪಟ್ಟೆ ಎಳೆದರೆ ಉಳಿದರ್ಧವೂ ಆಯಿತು. ಫೋನು ಇಟ್ಟಾಗ ನನ್ನ ಎಣ್ಣೆ ಆರಿ, ಹಂಡೆಯ ನೀರು ಕುದ್ದುಹೋಗಿತ್ತು.

ಸ್ನಾನ ಮಾಡಿ ಅವಲಕ್ಕಿ ತಿಂದ ಮೇಲೆ ಈ ಹ್ಯಾಲೋವೀನಿನ ಮೂಲವನ್ನು ಸ್ವಲ್ಪ ಕೆದಕಿದೆ. ಐರ್ಲೆಂಡು, ಸ್ಕಾಟ್ಲೆಂಡಿನ ಕಡೆಯ ಹಳೆಯ ಕೆಲ್ಟಿಕ್ ಜನರಿಗೆ ಅಕ್ಟೋಬರ್ ಕೊನೆಗೆ ಬೆಳೆ ಒಳಗಾಗಿ ಕತ್ತಲಿನ ಅರ್ಧವರ್ಷ ಶುರು. ಆ ಹಬ್ಬದ ಹೆಸರನ್ನು 'ಸಂಹೈನ್' ಎಂದು ಓದುವಂತೆ ಬರೆದು 'ಸೌವಿನ್' ಎನ್ನುತ್ತಾರೆ. ಬೊಳ್ತೇರ್ ಎಂದು ಹೇಳಿ ಬೆಳ್ತಂಗಡಿ ಎಂದು ಬರೆಯುವ, ಬೆದ್ರ ಎಂದು ಹೇಳಿ ಮೂಡಬಿದ್ರೆ ಎಂದು ಬರೆಯುವ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಆ ರಾತ್ರಿ ಸತ್ತವರೂ ಬದುಕಿದವರೂ ಒಂದೇ ದಾರಿಯಲ್ಲಿ ಓಡಾಡುತ್ತಾರೆಂದು ನಂಬಿ ಬೆಂಕಿ ಹಾಕುತ್ತಿದ್ದರು. ಎಂಟನೆಯ ಶತಮಾನದಲ್ಲಿ ಪೋಪ್ ಮೂರನೆಯ ಗ್ರೆಗರಿ ರೋಮಿನಲ್ಲಿ ಸಕಲ ಸಂತರಿಗೊಂದು ಪ್ರಾರ್ಥನಾಲಯ ಮೀಸಲಿಟ್ಟರು. ಸಂತರ ಹಬ್ಬ ನವೆಂಬರ್ 1ಕ್ಕೆ ನಿಂತಿತು, ಅದರ ಹಿಂದಿನ ಸಂಜೆಯೇ ಹ್ಯಾಲೋವೀನ್. ಮರುದಿನ, ನವೆಂಬರ್ 2, ಸಕಲ ಮೃತರ ದಿನ. ಇಂಗ್ಲೆಂಡಿನ ಬಡವರು ಆಗ ಮನೆಮನೆಗೆ ಹೋಗಿ, ಆ ಮನೆಯ ಸತ್ತವರಿಗಾಗಿ ಪ್ರಾರ್ಥಿಸಿ, ಬದಲಿಗೆ ರೊಟ್ಟಿ ಪಡೆಯುತ್ತಿದ್ದರು. 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಹಸಿವಿನಿಂದ ಹಡಗು ಹತ್ತಿದ ಐರಿಷ್ ಜನ ಅಮೆರಿಕಕ್ಕೆ ಈ ಹಬ್ಬವನ್ನೂ ಒಯ್ದರು. ಊರಲ್ಲಿ ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದವರಿಗೆ ಅಲ್ಲಿ ಚೀನಿಕಾಯಿ ಸಿಕ್ಕಿತು. ಗಡ್ಡೆ ಕೊರೆದು ಬೆರಳು ಕೊಯ್ದುಕೊಂಡವರು ಚೀನಿಕಾಯಿ ಕಂಡು ಎಷ್ಟು ಸಂತೋಷಪಟ್ಟಿರಬೇಕು! ಒಳಗಿನ ತಿರುಳನ್ನು ಈಗ ಬಹಳ ಮಂದಿ ಎಸೆಯುತ್ತಾರೆಂದು ಮಗಳು ಹೇಳಿದಾಗ ಮಾತ್ರ ನನ್ನ ಹೆಂಡತಿ ಕಣ್ಣೀರು ಹಾಕುವುದೊಂದು ಬಾಕಿ. ಅವಳ ಲೆಕ್ಕದಲ್ಲಿ ಅಮೆರಿಕದ ನಿಜವಾದ ಭೀಕರ ಸಂಗತಿ ಅದೊಂದೇ.

ಸತ್ತವರನ್ನು ಊಟಕ್ಕೆ ಕರೆಯುವುದರಲ್ಲಿ ನಾವೇನೂ ಹಿಂದೆ ಬಿದ್ದವರಲ್ಲ. ನಮ್ಮಲ್ಲಿ ಆಟಿಯಲ್ಲಿ ಕುಲೆಗಳಿಗೆ ಬಡಿಸುವುದುಂಟು. ಬಾಳೆಲೆಯಲ್ಲಿ ಕೋಳಿ ಪದಾರ್ಥ, ರೊಟ್ಟಿ, ಪಕ್ಕದಲ್ಲಿ ಕಳ್ಳು. ತೀರಿಹೋದವರ ಇಷ್ಟಗಳನ್ನೆಲ್ಲ ನೆನಪಿಸಿಕೊಂಡು ಇಟ್ಟು, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಸ್ವರವೆತ್ತದೆ ಕಾಯಬೇಕು. ಒಂದು ವರ್ಷ ನಮ್ಮ ಅಜ್ಜನ ಎಲೆಯ ಪಕ್ಕ ಒಂದು ಕಟ್ಟು ಬೀಡಿ ಇಟ್ಟಿದ್ದರು. ಬಾಗಿಲು ಮುಚ್ಚಿದ ಮೇಲೆ ಅಜ್ಜಿಗೆ ನೆನಪಾಯಿತು, ಬೆಂಕಿಪೆಟ್ಟಿಗೆ ಇಟ್ಟಿಲ್ಲ. ತೆರೆಯುವಂತಿಲ್ಲ. ಬದುಕಿರುವಾಗಲೇ ಬೆಂಕಿಪೆಟ್ಟಿಗೆ ಸಿಗದಿದ್ದರೆ ಮನೆ ಹೊತ್ತುಕೊಳ್ಳುತ್ತಿದ್ದ ಮನುಷ್ಯ. ಅಜ್ಜಿ ಬಾಗಿಲ ಸಂದಿನಿಂದ ಪೆಟ್ಟಿಗೆಯನ್ನು ಮೆಲ್ಲ ಒಳಗೆ ತಳ್ಳಿ, "ಅಲ್ಲೇ ಉಂಟು, ನೋಡಿ" ಎಂದರು. ಆ ಸ್ವರದಲ್ಲಿ ಭಕ್ತಿ ಇರಲಿಲ್ಲ, ಭಯವೂ ಇರಲಿಲ್ಲ. ಐವತ್ತು ವರ್ಷದ ಸಂಸಾರವಿತ್ತು.

ಪಕ್ಕದ ಮನೆಯ ಬಾಯಮ್ಮನ ಕ್ರಮವೂ ಹೀಗೆಯೇ. ಪ್ರತಿ ನವೆಂಬರ್ 2ಕ್ಕೆ ಸೇವಂತಿಗೆ, ಮೇಣದಬತ್ತಿ ಹಿಡಿದು ಇಗರ್ಜಿಯ ಸಿಮಿತ್ರಿಗೆ ಹೋಗುತ್ತಾರೆ. ಹ್ಯಾಲೋವೀನಿನ ಒಡಹುಟ್ಟಿದ ಹಬ್ಬ ಹೀಗೆ ಚೀನಿಕಾಯಿಯ ಗೌಜಿಯಿಲ್ಲದೆ ನಮ್ಮ ಬೇಲಿಯ ಆಚೆಗೇ ಇತ್ತು. ನಾನು ಅದನ್ನು ಅಮೆರಿಕದಲ್ಲಿ ಹುಡುಕುತ್ತಿದ್ದೆ.

ಇನ್ನು ನನ್ನ ಹೆಂಡತಿಯ ತವರು ಬೆಳ್ತಂಗಡಿ. ಅವರ ಕಡೆ ಸುಗ್ಗಿ ತಿಂಗಳಲ್ಲಿ ಪುರುಷರು ಬರುತ್ತಾರೆ. ರಾತ್ರಿ ಹೊತ್ತು ಗುಂಪು ಕಟ್ಟಿ, ನಗೆಯ ವೇಷಗಳ ಜೊತೆ ಮನೆಮನೆ ಸುತ್ತುವ ಸಂಪ್ರದಾಯ. "ನಿಮ್ಮ ಬಂಟ್ವಾಳದ ಹಾಗೆ ನಾಲ್ಕಾಣೆಯ ಪ್ರೇತ ಅಲ್ಲ" ಎನ್ನುತ್ತಾಳೆ. ಮೂಡಬಿದ್ರೆಯ ಭಾವ ಇದಕ್ಕೆಲ್ಲ ಜಗ್ಗುವವರಲ್ಲ. 1430ರ ಸಾವಿರ ಕಂಬದ ಬಸದಿ ಇರುವ ಊರಿನವರಿಗೆ ನಮ್ಮ ಹುಲಿ ಕರಡಿಗಳು ಯಾವ ಲೆಕ್ಕ?

ಆ ಭಾವನೇ ನನ್ನನ್ನು ಒಮ್ಮೆ ಆಟಿಯ ನೆನಪಿಗೆ ನಡೆಸುವ 'ಆಟಿಡೊಂಜಿ ದಿನ'ದ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಿದ್ದರು. ಹಾಲ್ ತುಂಬ ಜನ. ಪಾಲೆ ಕೆತ್ತೆಯ ಕಷಾಯ ಕಾಗದದ ಲೋಟದಲ್ಲಿ, ಪತ್ರೊಡೆ ಬಫೆಯಲ್ಲಿ. ಅತಿಥಿಗಳು ಹಸಿವಿನ ತಿಂಗಳ ಬಗ್ಗೆ ಒಂದೂವರೆ ಗಂಟೆ ಮಾತಾಡಿದ್ದರಿಂದ ನಮಗೆಲ್ಲ ಅದರ ನೇರ ಅನುಭವವೂ ಆಯಿತು. ಕಳೆಂಜ ವೇದಿಕೆಗೆ ಬಂದ. ಫ್ಯಾನಿನ ಗಾಳಿಗೆ ಅವನ ಸಿರಿಯೆಲ್ಲ ಒಂದೇ ಕಡೆ ಹಾರುತ್ತಿತ್ತು. ಕುಣಿತ ಮುಗಿದ ಮೇಲೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಬುಟ್ಟಿ, ಹೆಗಲಿನಿಂದ ಜಾರುವ ಶಾಲು. ಅವನ ಮುಖವನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನನ್ನಷ್ಟೇ ವಯಸ್ಸಿನವರು. ಹಣ್ಣಿನ ಬುಟ್ಟಿಯನ್ನು ಎಲ್ಲಿ ಇಡುವುದೆಂದು ನೋಡುತ್ತಿದ್ದರು.

ನವೆಂಬರ್ 1ರ ಬೆಳಿಗ್ಗೆ ಆರಕ್ಕೆ ಸರಿಯಾಗಿ ಮತ್ತೆ ಫೋನು. ಹಬ್ಬಕ್ಕೆ ಬಂದ ಭಾವನೂ ಚಾವಡಿಯಲ್ಲಿದ್ದರು. ಹುಲಿ ಆಗಷ್ಟೇ ಬೇಟೆ ಮುಗಿಸಿ ಬಂದಿತ್ತು. ಚೀಲ ತುಂಬ ಚಾಕಲೇಟು, ಆದರೆ ಮುಖ ಬಾಡಿತ್ತು. ಒಬ್ಬ ಅಜ್ಜಿ ಬಾಗಿಲು ತೆರೆದು "ಎಷ್ಟು ಚಂದದ ಬೆಕ್ಕು!" ಎಂದುಬಿಟ್ಟರಂತೆ.

"ಪಿಲಿ ಅಂತ ಹೇಳಲಿಲ್ಲವಾ?"

"ಹೇಳಿದೆ. ಶಿ ಗೇವ್ ಮಿ ಒನ್ ಮೋರ್."

ಹಾಗಾದರೆ ನಷ್ಟವಿಲ್ಲ. ಅವಳು ಚಾಕಲೇಟಿನ ಕಾಗದ ಬಿಡಿಸುತ್ತ ನಿನ್ನೆಯಿಂದ ತಲೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ಹೊರಗೆ ತೆಗೆದಳು. "ಅಜ್ಜ, ಕಳೆಂಜ ನಿಮ್ಮ ಮನೆಯಿಂದ ಮಾರಿ ತಗೊಂಡು ಹೋಗ್ತಾನಲ್ಲ, ಅದನ್ನು ಎಲ್ಲಿ ಬಿಡ್ತಾನೆ?"

ಅರುವತ್ತು ವರ್ಷದಲ್ಲಿ ನನಗೆ ಈ ಸಂಶಯ ಬಂದಿರಲಿಲ್ಲ. "ದೂರ ಮಗಾ, ಬೆಳ್ತಂಗಡಿಯ ಕಡೆ" ಎಂದೆ.

ಭಾವ ಪೇಪರಿನಿಂದ ತಲೆಯೆತ್ತಿ, "ನಮ್ಮಲ್ಲಿ ಹದಿನೆಂಟು ಕೆರೆ ಉಂಟು ಮಾರಾಯ್ರೆ, ಯಾವುದರಲ್ಲಿಯಾದರೂ ಮುಳುಗಿಸಿದರೆ ಆಯಿತು" ಎಂದರು.

ಒಳಗಿನಿಂದ ದೋಸೆಯ ಚುಂಯ್ ನಿಂತಿತು. ನನ್ನ ಹೆಂಡತಿ ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದಳು. "ನಮ್ಮ ಕಳೆಂಜ ಎಲ್ಲವನ್ನೂ ನೇತ್ರಾವತಿಗೆ ಬಿಡುವುದು. ಆ ನೀರು ಎಲ್ಲಿಗೆ ಬರ್ತದೆ ಅಂತ ನಿಮ್ಮ ಅಜ್ಜನ ಹತ್ತಿರವೇ ಕೇಳು."

ನಾನು ಫೋನನ್ನು ಭಾವನ ಕೈಗೆ ಕೊಟ್ಟು ದೋಸೆ ನೋಡಲು ಒಳಗೆ ಹೋದೆ.