ಅಪರಾಧ ಇಳಿಸುವ ಅಗ್ಗದ ಉಪಾಯ

"ಏನಯ್ಯಾ, ಈ ವರ್ಷ ಕ್ರೈಂ ಇಳೀಬೇಕು," ಎನ್ನುತ್ತಾರೆ ಸಾಹೇಬರು. "ಇಳಿಸೋಣ ಸಾರ್, ಎಫ್‌ಐಆರ್ ಬರೆಯೋದು ನಿಲ್ಲಿಸಿದರಾಯ್ತು," ಎನ್ನುತ್ತಾನೆ ಠಾಣೆಯ ರೈಟರ್. ಉಪಾಯವೇನೋ ಅಗ್ಗದ್ದೇ, ಕೊರತೆ ಒಂದೇ. ಹೊಡೆದಾಟವನ್ನು 'ರಾಜಿ' ಎಂದು ಬರೆದು ಕಳಿಸಬಹುದು, ಹೆಣವನ್ನು ರಾಜಿ ಮಾಡಿಸಲಾಗದು. ಆದ್ದರಿಂದಲೇ ಹಿಂಸೆಯನ್ನು ಅಳೆಯಲು ಒಟ್ಟು ಪ್ರಕರಣಗಳಿಗಿಂತ ಕೊಲೆಯ ಪ್ರಮಾಣ ಹೆಚ್ಚು ನಂಬಲರ್ಹ. ಕೇರಳ ದಾಖಲಾದ ಒಟ್ಟು ಪ್ರಕರಣಗಳ ಪ್ರಮಾಣದಲ್ಲಿ ಮುಂಚೂಣಿಯಲ್ಲಿದೆ, ಕೊಲೆಯ ಪ್ರಮಾಣದಲ್ಲಿ ರಾಷ್ಟ್ರೀಯ ಸರಾಸರಿಗಿಂತ ಬಹಳ ಕೆಳಗಿದೆ. ಅಲ್ಲಿ ಚುರುಕಾಗಿರುವುದು ದೂರು ಬರೆದುಕೊಳ್ಳುವ ಕೈ ಎಂದೇ ಇದರರ್ಥ.

"ಹಾಗಾದರೆ ಶಿಕ್ಷೆ ಜೋರು ಮಾಡೋಣ, ಎಲ್ಲರೂ ಹೆದರ್ತಾರೆ!" ಹೆದರಲು ಮೊದಲು ಲೆಕ್ಕ ಹಾಕಬೇಕು, ಸಿಟ್ಟಿಗೆ ಅಷ್ಟು ಪುರುಸೊತ್ತಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರ 28,522 ಕೊಲೆ ಪ್ರಕರಣಗಳಲ್ಲಿ 9,962ಕ್ಕೆ ಕಾರಣ ಜಗಳ-ತಕರಾರು. ಲಾಭಕ್ಕಾಗಿ ನಡೆದವು 1,884 ಮಾತ್ರ. ಬದುವಿನ ಜಗಳದಲ್ಲಿ ಮಚ್ಚು ಎತ್ತುವವನು ಕಾನೂನು ಪುಸ್ತಕ ತಿರುವಿ ನೋಡುವುದಿಲ್ಲ. ಅವನನ್ನು ತಡೆಯುವುದು ಸಕಾಲದ ಸರ್ವೆ, ಬೇಗ ಮುಗಿಯುವ ಪಾಲಿನ ದಾವೆ, ಮೊದಲ ಏಟಿಗೇ ದಾಖಲಾಗುವ ದೂರು. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. "ಬರೆದರೆ ಅಂಕಿ ಏರುತ್ತಲ್ಲಯ್ಯಾ, ಮೇಲಿನವರಿಗೆ ಏನು ಹೇಳಲಿ?" ಆ ಆತಂಕ ಸುಳ್ಳಲ್ಲ, ಏರಿದ ಅಂಕಿಗೆ ಮೆಮೋ, ಹೂತ ದೂರಿಗೆ ಶಹಬ್ಬಾಸ್ ಸಿಗುವ ಕಡೆ ಪ್ರಾಮಾಣಿಕತೆ ದುಬಾರಿ. ಠಾಣೆಯನ್ನು ಮೊದಲ ದೂರಿಗೆ ಕೈಗೊಂಡ ಕ್ರಮದಿಂದ ಅಳೆದರೆ, ಸಾಹೇಬರ ಬಡ್ತಿಗೂ ಜನರ ಪ್ರಾಣಕ್ಕೂ ಇರುವ ಹಗೆತನ ತಪ್ಪೀತು.